ಎರಡು ಸಾಲಿನ ಮೇಲ್‌ನಲ್ಲಿ ಇಲ್ಲದ ಕಾರಣ

ಜಯನಗರ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. "ಎಲ್ಲಾ ಸರಿಯಾಗೇ ಮಾಡಿದ್ದೆ ಚಿಕ್ಕಮ್ಮ, ಆದ್ರೂ ಬೇಡ ಅಂದ್ರು" ಅಂದೆ. ಆಮೇಲೆ ಸುಮ್ಮನಾಗಿಬಿಟ್ಟೆ. ಫೋನಿಟ್ಟ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪಿಜಿಯಲ್ಲಿ ರೂಮ್‌ಮೇಟ್ ಇಲ್ಲದಾಗ ನಿಧಾನವಾಗಿ ಓದು.

ನೀನು ಹೇಳಿದ್ದು ಇಷ್ಟು. ಸಾಫ್ಟ್‌ವೇರ್ ಕೆಲಸದ ಇಂಟರ್‌ವ್ಯೂನಲ್ಲಿ ಎಲ್‌ಆರ್‌ಯು ಕ್ಯಾಶ್ ಬರೆಯಲು ಕೊಟ್ಟರು, ಅಂದರೆ ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಬಳಸದ ಮಾಹಿತಿಯನ್ನು ತೆಗೆದುಹಾಕುವ ಚಿಕ್ಕ ಸಂಗ್ರಹ. ಬೇಗ ಹುಡುಕಲು ಹ್ಯಾಶ್ ಮ್ಯಾಪ್, ಜೊತೆಗೆ ಬಳಸಿದ ಕ್ರಮ ಇಡಲು ಡಬ್ಲಿ ಲಿಂಕ್ಡ್ ಲಿಸ್ಟ್ ಬೇಕು ಅಂತ ತಕ್ಷಣ ಹೊಳೆಯಿತು. 25 ನಿಮಿಷಕ್ಕೆ ಕೋಡ್ ಓಡಿತು. ಎದುರಿಗಿದ್ದವರು "ಗುಡ್" ಅಂದರು, ಕೊನೆಯಲ್ಲಿ ನಗುನಗುತ್ತಾ ತಮ್ಮ ಟೀಮಿನ ಬಗ್ಗೆ ಹೇಳಿದರು. ನಾಲ್ಕನೇ ದಿನ ಎರಡು ಸಾಲಿನ ಮೇಲ್ ಬಂತು. ಅವತ್ತಿನಿಂದ ನೀನು ಆ ಮೇಲ್‌ನಲ್ಲಿ ಇಲ್ಲದ ಕಾರಣವನ್ನು ಹುಡುಕುತ್ತಾ ಕೂತಿದ್ದೀಯ. ಕಾಲೇಜು ಚಿಕ್ಕದು ಅಂತ, ಇಂಗ್ಲಿಷ್ ಸಾಲದು ಅಂತ, ಈ ಕೆಲಸವೇ ನನಗೆ ಒಗ್ಗಲ್ಲ ಅಂತ.

ಪುಟ್ಟಿ, ನಾನು ಇಂಟರ್‌ವ್ಯೂ ಮಾಡುವವರ ಕಡೆ ಕೂತು 14 ವರ್ಷವಾಯಿತು. ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ಕೇಳು. ನೀವು ಲೈನ್ ಬಿಟ್ಟ ಮೇಲೆ ನಾವು ಒಂದು ಫಾರಂ ತುಂಬುತ್ತೇವೆ. ಪ್ರಶ್ನೆ ಅರ್ಥ ಮಾಡಿಕೊಂಡ ರೀತಿಗೆ ಒಂದು ಕಾಲಂ, ಕೋಡಿಗೆ ಒಂದು, ಟೆಸ್ಟಿಂಗಿಗೆ ಒಂದು, ವಿವರಿಸಿದ್ದಕ್ಕೆ ಒಂದು. ಆಮೇಲೆ ನಾಲ್ಕೈದು ಜನರ ಫಾರಂ ಇಟ್ಟುಕೊಂಡು ಮೀಟಿಂಗ್. ಗೂಗಲ್‌ನ ಹೈರಿಂಗ್ ಕಮಿಟಿಯಂಥ ಕಡೆ ತೀರ್ಮಾನ ಮಾಡುವವರು ನಿನ್ನ ಮುಖವನ್ನೇ ನೋಡಿರುವುದಿಲ್ಲ, ಕಾಗದ ಮಾತ್ರ ನೋಡುತ್ತಾರೆ. ಅಮೆಜಾನ್‌ನಲ್ಲಿ ಬಾರ್ ರೈಸರ್ ಅಂತ ಬೇರೆ ಟೀಮಿನವರೊಬ್ಬರು ಇರುತ್ತಾರೆ. ಮ್ಯಾನೇಜರ್‌ಗೆ ಎಷ್ಟೇ ಇಷ್ಟವಾಗಿದ್ದರೂ ಅವರು ಬೇಡ ಅಂದರೆ ಮುಗಿಯಿತು. ಒಳ್ಳೆಯವರೊಬ್ಬರು ಕೈತಪ್ಪಿದರೆ ಪರವಾಗಿಲ್ಲ, ತಪ್ಪಾದವರು ಒಳಗೆ ಬರಬಾರದು ಅನ್ನೋದು ಬಹಳ ಕಂಪನಿಗಳ ಲೆಕ್ಕ. ಹಾಗಾಗಿ ಸ್ವಲ್ಪ ಅನುಮಾನ ಬಂದರೂ ಬೇಡ ಅಂತಾರೆ.

ಆ "ಗುಡ್" ಮತ್ತು ನಗು? ಇಂಟರ್‌ವ್ಯೂ ಮಾಡಲು ಕಲಿಸುವಾಗಲೇ ನಮಗೆ ಹೇಳಿರುತ್ತಾರೆ, ಎದುರಿಗಿರುವವರು ಹೆದರಬಾರದು, ಫಲಿತಾಂಶದ ಸುಳಿವೂ ಸಿಗಬಾರದು ಅಂತ. ಅದು ಮರ್ಯಾದೆ ಅಷ್ಟೇ.

ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಹಿಂದಿನ ಕಂಪನಿಯಲ್ಲಿ ಒಬ್ಬ ಹುಡುಗನಿಗೆ ನಾನು ಎಲ್ಲಾ ಕಾಲಂನಲ್ಲೂ ಒಳ್ಳೆಯ ಅಂಕ ಕೊಟ್ಟಿದ್ದೆ. ಗ್ರಾಫ್ ಪ್ರಶ್ನೆ, ಅಂದರೆ ಒಂದಕ್ಕೊಂದು ಜೋಡಿಸಿದ ಬಿಂದುಗಳ ಜಾಲ; ಅದರಲ್ಲಿ ಸುತ್ತಿ ಹೊರಟಲ್ಲಿಗೇ ಬರುವ ದಾರಿಗೆ ಸೈಕಲ್ ಅಂತಾರೆ. ಅರ್ಧಕ್ಕೆ ಬಂದಾಗ ತಾನೇ ತಡೆದು, "ಮೇಡಂ, ಸೈಕಲ್ ಇದ್ರೆ ಇದು ನಿಲ್ಲೋದೇ ಇಲ್ಲ" ಅಂತ ತನ್ನ ತಪ್ಪು ತಾನೇ ಹಿಡಿದು ಸರಿ ಮಾಡಿದ. ಮೀಟಿಂಗಿನಲ್ಲಿ ಎಲ್ಲರೂ ಹೂಂ ಅಂದರು. ಆ ಶುಕ್ರವಾರವೇ ಮೇಲಿನವರು ಆ ಹುದ್ದೆಯನ್ನೇ ರದ್ದು ಮಾಡಿದರು. ಅವನಿಗೂ ಹೋಗಿದ್ದು ಇಂಥದೇ ಎರಡು ಸಾಲು. ಕಾರಣ ತಿಳಿಸುವ ಹಾಗಿಲ್ಲ ಅಂತ ಎಚ್‌ಆರ್ ಕಡೆಯಿಂದ ಹೇಳಿದ್ದರು. ನಾನೂ ತಿಳಿಸಲಿಲ್ಲ. ಆ ಹುಡುಗ ಎಷ್ಟು ರಾತ್ರಿ ನಿನ್ನ ಹಾಗೆ ತನ್ನನ್ನೇ ಬೈದುಕೊಂಡನೋ ಅಂತ ಈಗಲೂ ಸಂಕಟವಾಗುತ್ತದೆ. ನಿನ್ನೆ ನೀನು ಸುಮ್ಮನಾದಾಗ ನನಗೆ ನೆನಪಾಗಿದ್ದು ಅವನೇ.

ಈ ಇಂಟರ್‌ವ್ಯೂಗಳು ಎಷ್ಟು ನಂಬಿಕಸ್ಥ ಅಂತಲೂ ನಿನಗೆ ಗೊತ್ತಿರಲಿ. ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ಹೇಳಿದ್ದರು: ಹತ್ತಾರು ಸಾವಿರ ಇಂಟರ್‌ವ್ಯೂಗಳ ಅಂಕವನ್ನೂ, ಸೇರಿದವರು ಆಮೇಲೆ ಮಾಡಿದ ಕೆಲಸವನ್ನೂ ಹೋಲಿಸಿ ನೋಡಿದರೆ ಎರಡಕ್ಕೂ ಸಂಬಂಧವೇ ಕಾಣಲಿಲ್ಲ ಅಂತ. 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್‌ನವರು ಸೇರಿ 48 ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ ಕೊಟ್ಟರು. ಅರ್ಧ ಜನ ನೋಡುವವರ ಎದುರು ಬೋರ್ಡ್ ಮೇಲೆ ಬಿಡಿಸಬೇಕು, ಉಳಿದವರು ರೂಮಿನಲ್ಲಿ ಒಬ್ಬರೇ. ಎದುರಿಗೆ ಬಿಡಿಸಿದವರ ಸಾಧನೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಆ ಗುಂಪಿನಲ್ಲಿ ಒಬ್ಬ ಹುಡುಗಿಯೂ ಪಾಸಾಗಲಿಲ್ಲ. ಒಬ್ಬರೇ ಕೂತು ಬಿಡಿಸಿದ ಹುಡುಗಿಯರು ಎಲ್ಲರೂ ಪಾಸು. ಚಿಕ್ಕ ಪ್ರಯೋಗ, ನಿಜ. ಆದರೆ ಎರಡನೇ ರೌಂಡಿನಲ್ಲಿ ಕೈ ನಡುಗಿತು ಅಂದೆಯಲ್ಲ, ಅದಕ್ಕೆ ನಾಚಿಕೊಳ್ಳಬೇಡ.

ಹಾಗಂತ ಕಲಿಯುವುದೇನೂ ಇಲ್ಲ ಅಂತಲ್ಲ. ಎರಡು ಥ್ರೆಡ್, ಅಂದರೆ ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ಓಡುವ ಕೆಲಸಗಳು, ಒಂದೇ ಸಲ ಕ್ಯಾಶಿಗೆ ಬಂದರೆ ಏನು ಮಾಡ್ತೀಯ ಅಂತ ಕೇಳಿದಾಗ "ರೀಡ್ ಲಾಕ್, ರೈಟ್ ಲಾಕ್ ಹಾಕ್ತೀನಿ" ಅಂದೆಯಂತೆ. ರೀಡ್ ಲಾಕ್ ಇದ್ದರೆ ಹಲವರು ಒಟ್ಟಿಗೆ ಓದಬಹುದು, ರೈಟ್ ಲಾಕ್ ಇದ್ದರೆ ಬದಲಾಯಿಸುವವರು ಒಬ್ಬರೇ. ಯೋಚನೆ ಮಾಡು. ಎಲ್‌ಆರ್‌ಯುನಲ್ಲಿ ಸುಮ್ನೆ ಓದಿದರೂ ಆ ನೋಡ್, ಅಂದರೆ ಲಿಸ್ಟಿನ ಆ ಕೊಂಡಿ, ಲಿಸ್ಟಿನ ಮುಂದಕ್ಕೆ ಬರುತ್ತದೆ. ಅಂದರೆ ಓದುವುದೂ ಬದಲಾವಣೆಯೇ. ಅಲ್ಲಿ ರೀಡ್ ಲಾಕ್ ನಿನ್ನನ್ನು ಕಾಯುವುದಿಲ್ಲ. ಒಂದೇ ದೊಡ್ಡ ಲಾಕ್ ಹಾಕಿದರೆ ಎಲ್ಲರೂ ಕ್ಯೂ ನಿಲ್ಲಬೇಕು. ಕ್ಯಾಶನ್ನೇ ಭಾಗ ಮಾಡಿ ಒಂದೊಂದಕ್ಕೂ ಲಾಕ್ ಕೊಡುವ ದಾರಿ ಇದೆ. ಕ್ಯಾಶಿನ ಕೆಪಾಸಿಟಿ ಸೊನ್ನೆ ಕೊಟ್ಟು ನೋಡಿದೆಯಾ? ಆ 25 ನಿಮಿಷ ಮಾತಾಡುತ್ತಾ ಬರೆದೆಯಾ, ಸುಮ್ಮನೆ ಬರೆದೆಯಾ? ಸುಮ್ಮನೆ ಬರೆದರೆ ನಮ್ಮ ಫಾರಂನಲ್ಲಿ ಒಂದು ಕಾಲಂ ಖಾಲಿ ಉಳಿಯುತ್ತದೆ. ನಿನ್ನನ್ನು ಬೇಡ ಅಂದಿದ್ದು ಇದಕ್ಕೇ ಅಂತ ಮಾತ್ರ ತಿಳಿಯಬೇಡ. ಅದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಾಗುವುದಿಲ್ಲ. ಮರೆಯುವ ಮೊದಲು ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಆ ಎಚ್‌ಆರ್‌ಗೆ ಎರಡು ಸಾಲು ಥ್ಯಾಂಕ್ಸ್ ಬರೆ. ಬಹಳ ಕಂಪನಿಗಳು ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಮತ್ತೆ ಅರ್ಜಿ ತಗೋತಾರೆ.

ಭಾನುವಾರ ವೈಟ್‌ಫೀಲ್ಡ್‌ನಲ್ಲಿ ಮೆಟ್ರೋ ಹತ್ತಿ ಬಾ. ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನಿಗೆ ಬದಲಾಯಿಸು. ಲ್ಯಾಪ್‌ಟಾಪ್ ತಾ. ಅಕ್ಕಿ ರೊಟ್ಟಿ ತಿಂದು, ನಾನು ಎದುರಿಗೆ ಕೂರುತ್ತೇನೆ, ನೀನು ಬಾಯಿಬಿಟ್ಟು ಹೇಳುತ್ತಾ ಬರೆ. ಅದಕ್ಕೂ ಮೊದಲು ದಾವಣಗೆರೆಗೆ ಒಂದು ಫೋನ್ ಮಾಡು. ಅಕ್ಕ ಬೆಳಿಗ್ಗೆಯಿಂದ ನನಗೆ ಎರಡು ಸಲ ಮಾಡಿದ್ದಾಳೆ, ಪುಟ್ಟಿ ಊಟ ಮಾಡಿದ್ಲಾ ಅಂತ.

ಇಂತಿ,
ನಿನ್ನ ಚಿಕ್ಕಮ್ಮ