ಕಾದ ಹೊತ್ತಿನ ಲೆಕ್ಕ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಇಬ್ಬರ ದನಿಯೂ ಏರಿತು. ಸರ್ಕಾರ ಎಲ್ಲದರಲ್ಲೂ ಮೂಗು ತೂರಿಸುವುದನ್ನು ಬಿಟ್ಟರೆ ಕೂಲಿ ತಾನಾಗಿಯೇ ಸರಿಹೋಗುತ್ತದೆ ಎಂದು ನೀನು ಹೇಳಿದೆ. ನಾನು ಏನೋ ಒರಟಾಗಿ ಅಂದು ಫೋನಿಟ್ಟೆ. ಒರಟುತನಕ್ಕೆ ಕ್ಷಮೆ ಕೇಳುತ್ತೇನೆ. ವಾದವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಮಾತಿನಲ್ಲಾದರೆ ನೀನು ನನ್ನನ್ನು ಅರ್ಧಕ್ಕೇ ತಡೆಯುತ್ತೀಯ, ಪತ್ರವನ್ನಾದರೆ ಕೊನೆಯ ತನಕ ಓದುತ್ತೀಯ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ನಮ್ಮ ಹಾಗೆಯೇ ಜಗಳವಾಡುವ ಇನ್ನಿಬ್ಬರಿಗೆ ಉಪಯೋಗವಾದರೆ ಆಗಲಿ ಎಂದು ನಾಲ್ಕು ಜನರ ಮುಂದೆಯೂ ಇಡುತ್ತಿದ್ದೇನೆ. ನಿನ್ನ ಹೆಸರನ್ನಾಗಲಿ ನೀನು ಎಂಜಿನಿಯರಾಗಿರುವ ಡೆಲಿವರಿ ಆ್ಯಪ್ ಕಂಪನಿಯ ಹೆಸರನ್ನಾಗಲಿ ಹಾಕಿಲ್ಲ, ಹೆದರಬೇಡ.

ನಾನು ಸಂಬಳ ವಿಭಾಗದಲ್ಲಿ ಕಳೆದ ವರ್ಷಗಳನ್ನು ನೀನು ಬಲ್ಲೆ. ಹಾಜರಿ ಪುಸ್ತಕದಿಂದ ಪಂಚ್ ಕಾರ್ಡಿಗೆ, ಅಲ್ಲಿಂದ ಬೆರಳಚ್ಚಿನ ಯಂತ್ರಕ್ಕೆ ಬಂದವನು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹಿರಿಯ ಗುಮಾಸ್ತರು ಒಂದು ಪಾಠ ಹೇಳಿಕೊಟ್ಟಿದ್ದರು: ಸಂಬಳದ ಚೀಟಿಯಲ್ಲಿ ದರವನ್ನು ಎಲ್ಲರೂ ನೋಡುತ್ತಾರೆ, ನೀನು ಗಂಟೆಯ ಅಂಕಣವನ್ನು ನೋಡು. ಮೋಸ ನಡೆದಿದ್ದರೆ ಅಲ್ಲಿ ನಡೆದಿರುತ್ತದೆ. ದರ ಇಳಿಸಿದರೆ ಗಲಾಟೆಯಾಗುತ್ತದೆ. ಗಂಟೆಯಲ್ಲಿ ಹತ್ತು ನಿಮಿಷ ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮೊನ್ನೆ ನಾವಿಬ್ಬರೂ ಕೂಗಾಡಿದ್ದು ದರದ ಬಗ್ಗೆ. ಈಗ ಗಂಟೆಯ ಅಂಕಣದ ಬಗ್ಗೆ ಮಾತಾಡೋಣ.

ಹದಿನೈದು ದಿನಗಳ ಹಿಂದೆ ಮೆಟ್ಟಿಲ ಮೇಲೆ ಕುಳಿತಿದ್ದ ಡೆಲಿವರಿ ಹುಡುಗನೊಬ್ಬನ ಜೊತೆ ಮಾತಿಗಿಳಿದಿದ್ದೆ. ಹಿಂದಿನ ದಿನದ ಲೆಕ್ಕವನ್ನು ಮೊಬೈಲಿನಲ್ಲಿ ತೋರಿಸಿದ. ಲಾಗಿನ್ ಆಗಿದ್ದ ಹೊತ್ತು 11 ಗಂಟೆ 20 ನಿಮಿಷ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಆರ್ಡರ್ ಮೇಲಿದ್ದ ಹೊತ್ತು 6 ಗಂಟೆ 50 ನಿಮಿಷ. ಹಳೆಯ ಚಾಳಿ, ಕೂಡಲೇ ಕಳೆದು ನೋಡಿದೆ: ನಾಲ್ಕೂವರೆ ಗಂಟೆ. "ಇದೇನಪ್ಪಾ?" ಎಂದು ಕೇಳಿದರೆ, "ಅದು ಸುಮ್ಮನೆ ಕಾದದ್ದು ಸರ್, ಅದಕ್ಕೇನೂ ಬರುವುದಿಲ್ಲ" ಎಂದ. ಹಾಗೆ ಹೇಳುತ್ತಿರುವಾಗಲೇ ಮೊಬೈಲ್ ಗುಂಯ್‌ಗುಟ್ಟಿತು. ತೆರೆಯ ಮೇಲೆ ಒಂದು ಉಂಗುರ ಕ್ಷಣಕ್ಷಣಕ್ಕೂ ಕರಗುತ್ತಿತ್ತು. ಅದು ಪೂರ್ತಿ ಕರಗುವುದರೊಳಗೆ ಒತ್ತಬೇಕು. ಎಷ್ಟು ದೂರ, ಎಷ್ಟು ಹಣ ಎಂದು ಓದುವ ಗೋಜಿಗೂ ಹೋಗದೆ ಹೆಬ್ಬೆರಳಿನಿಂದ ಒತ್ತಿ ಎದ್ದು ಹೋದ. ಮಾತು ಅರ್ಧಕ್ಕೇ ನಿಂತಿತು. ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಇದೆ ಎಂದು ನೀನು ಹೇಳುತ್ತೀಯ. ಇದೆ. ಬೇಡವೆಂದರೆ ಅವನ ಶೇಕಡಾವಾರು ಇಳಿಯುತ್ತದೆ, ಅದು ಇಳಿದರೆ ವಾರದ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂಬುದೂ ಇದೆ.

ಆ ನಾಲ್ಕೂವರೆ ಗಂಟೆ ಕೆಲಸವೋ ಅಲ್ಲವೋ? ಕಂಪನಿಗಳು, ಕಾರ್ಮಿಕರು, ಸರ್ಕಾರಗಳು ಹತ್ತು ವರ್ಷಗಳಿಂದ ಕಿತ್ತಾಡುತ್ತಿರುವುದು ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಸುತ್ತಲೇ.

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 19ರಂದು ಊಬರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಬಿಡುವಾದಾಗ ಓದು. ನಾವು ಬರಿಯ ಮಧ್ಯವರ್ತಿಗಳು, ಚಾಲಕರು ಸ್ವತಂತ್ರ ಉದ್ಯಮಿಗಳು ಎಂಬುದು ಕಂಪನಿಯ ವಾದ. ನ್ಯಾಯಾಲಯ ಕರಾರಿನ ಭಾಷೆಯನ್ನು ಬದಿಗಿಟ್ಟು ನಡೆಯುವುದೇನು ಎಂದು ನೋಡಿತು. ಬಾಡಿಗೆ ಎಷ್ಟೆಂದು ನಿರ್ಧರಿಸುವವರು ಯಾರು? ಕರಾರಿನ ಷರತ್ತು ಬರೆಯುವವರು ಯಾರು? ಸವಾರಿ ನಿರಾಕರಿಸಿದರೆ ದಂಡಿಸುವವರು ಯಾರು? ಎಲ್ಲವೂ ಕಂಪನಿಯೇ. ಹಾಗಾದರೆ ಇವರು ಕಾರ್ಮಿಕರು ಎಂದಿತು. ಅಲ್ಲಿಗೇ ನಿಲ್ಲಲಿಲ್ಲ. ಚಾಲಕ ತನಗೆ ಪರವಾನಗಿಯಿರುವ ಪ್ರದೇಶದೊಳಗೆ ಆ್ಯಪ್ ತೆರೆದು, ಬರುವ ಸವಾರಿಗೆ ಸಿದ್ಧನಾಗಿ ಕುಳಿತಿರುವ ಹೊತ್ತೂ ದುಡಿಮೆಯ ಹೊತ್ತೇ ಎಂದೂ ಹೇಳಿತು.

ಒಂದು ತಿಂಗಳೂ ಕಳೆದಿರಲಿಲ್ಲ, ಕಂಪನಿ ತನ್ನ 70,000ಕ್ಕೂ ಹೆಚ್ಚು ಚಾಲಕರಿಗೆ ಕನಿಷ್ಠ ವೇತನ, ರಜೆಯ ಹಣ, ಪಿಂಚಣಿ ಕೊಡುವುದಾಗಿ ಪ್ರಕಟಿಸಿತು. ಒಳ್ಳೆಯ ಸುದ್ದಿಯೇ. ಆದರೆ ಗಂಟೆಯ ಅಂಕಣ ನೋಡು: ಕನಿಷ್ಠ ವೇತನದ ಲೆಕ್ಕ ಸವಾರಿಯನ್ನು ಒಪ್ಪಿಕೊಂಡ ಕ್ಷಣದಿಂದ ಶುರುವಾಗುತ್ತದೆ. ಕಾದ ಹೊತ್ತು ಅದರಲ್ಲಿಲ್ಲ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವುದು ಎಂದರೆ ಇದೇ ಅಲ್ಲವೇ?

ಕ್ಯಾಲಿಫೋರ್ನಿಯಾದ ಕಥೆಯೂ ಇದೇ ಧಾಟಿಯದು. 2020ರ ಜನವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಕಾಯಿದೆ, ಇಂಥವರನ್ನು ನೌಕರರಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿತ್ತು. ಅದೇ ನವೆಂಬರಿನಲ್ಲಿ ಆ್ಯಪ್ ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ಸುರಿದು, ಜನಮತದ ಮೂಲಕ ತಮಗೆ ಅದರಿಂದ ವಿನಾಯಿತಿ ಪಡೆದವು. ಅದರಲ್ಲೊಂದು ಆಕರ್ಷಕ ಭರವಸೆಯಿತ್ತು, ಕನಿಷ್ಠ ವೇತನದ ಶೇ. 120ರಷ್ಟು ಖಾತರಿ. ಯಾವ ಹೊತ್ತಿಗೆ? ಆರ್ಡರ್ ಒಪ್ಪಿಕೊಂಡಲ್ಲಿಂದ ಮುಗಿಸುವವರೆಗಿನ ಹೊತ್ತಿಗೆ. ದರವನ್ನು ಐದನೇ ಒಂದು ಭಾಗ ಏರಿಸಿ, ಗಂಟೆಗಳನ್ನು ಅದಕ್ಕಿಂತ ಹೆಚ್ಚು ಕತ್ತರಿಸಬಹುದಾದ ಲೆಕ್ಕ ಇದು. ಈ ಲೆಕ್ಕ ಬರೆದವನು ಯಾರೋ ಗಟ್ಟಿ ಗುಮಾಸ್ತನೇ ಇರಬೇಕು ಎಂದು ವೃತ್ತಿಬಾಂಧವನಾಗಿ ಮೆಚ್ಚಿಕೊಂಡೆ.

ತಂತ್ರಜ್ಞಾನ ಹೊಸದು, ಹಳೆಯ ಕಾಯಿದೆಗಳು ಅದಕ್ಕೆ ಹೊಂದುವುದಿಲ್ಲ ಎಂಬುದು ನಿನ್ನ ಇನ್ನೊಂದು ಮಾತು. ಯಂತ್ರ ಹೊಸದಿರಬಹುದು, ತಕರಾರು ಮಾತ್ರ ಬಹಳ ಹಳೆಯದು. ಕಾರ್ಖಾನೆಯ ಗೇಟಿನಿಂದ ಕೆಲಸದ ಜಾಗದವರೆಗೆ ನಡೆಯುವ ಹೊತ್ತಿಗೂ ಕೂಲಿ ಸಲ್ಲಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲಿ ಹೇಳಿತು, ಮರುವರ್ಷವೇ ಅಲ್ಲಿನ ಸಂಸತ್ತು ಕಾಯಿದೆ ತಂದು ಅದನ್ನು ಅಳಿಸಿಹಾಕಿತು. 2014ರಲ್ಲಿ ಅಮೆಜಾನ್ ಗೋದಾಮುಗಳಲ್ಲಿ ದುಡಿಯುತ್ತಿದ್ದ ಗುತ್ತಿಗೆ ಕೆಲಸಗಾರರ ಪ್ರಕರಣ ಬಂದಾಗ, ಪಾಳಿ ಮುಗಿದ ಮೇಲೆ ಕಳ್ಳತನ ತಪಾಸಣೆಗೆಂದು ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಕೂಲಿ ಕೊಡಬೇಕಿಲ್ಲ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಮಾನಿಸಿದರು. ಸುಮಾರು 25 ನಿಮಿಷ ನಿಲ್ಲಬೇಕಾಗುತ್ತಿತ್ತು ಎಂಬುದು ಕೆಲಸಗಾರರ ದೂರು. ಸಾಲು ಬಿಟ್ಟು ಮನೆಗೆ ಹೋಗುವಂತಿಲ್ಲ, ನಿಂತರೆ ಕೂಲಿಯೂ ಇಲ್ಲ.

ಇನ್ನೂ ಹಿಂದಿನದೊಂದು ಸಂಗತಿ ಇದೆ, ಅದು ನನ್ನನ್ನು ಬಿಡದೆ ಕಾಡುತ್ತದೆ. ಇಂಗ್ಲೆಂಡಿನ ಕ್ರ್ಯಾಡ್ಲಿ ಹೀತ್ ಎಂಬಲ್ಲಿ ಹೆಂಗಸರು ಮನೆಯ ಹಿತ್ತಲಿನ ಸಣ್ಣ ಕುಲುಮೆಗಳಲ್ಲಿ ಕಬ್ಬಿಣದ ಸರಪಳಿ ಬಡಿಯುತ್ತಿದ್ದರು. ಕಾರ್ಖಾನೆಯಿಲ್ಲ, ಮೇಸ್ತ್ರಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಬಡಿದ ಸರಪಳಿಗೆ ಇಷ್ಟು ಎಂಬ ಲೆಕ್ಕ. ಯಾವಾಗ ಬೇಕಾದರೂ ಕೆಲಸ ಮಾಡು, ಬೇಡವಾದಾಗ ಬಿಡು. ನಿನ್ನ ಕಂಪನಿಯ ಜಾಹೀರಾತಿನಲ್ಲಿ ಇರುವುದು ಹೆಚ್ಚುಕಡಿಮೆ ಇದೇ ಮಾತು. 1909ರ ಕಾಯಿದೆಯ ಅಡಿಯಲ್ಲಿ ರಚನೆಯಾದ ವೇತನ ಮಂಡಳಿ ಅವರಿಗೆ ಗಂಟೆಗೆ ಎರಡೂವರೆ ಪೆನ್ಸ್ ನಿಗದಿಪಡಿಸಿತು. ಹಲವರಿಗೆ ಅದು ಮೊದಲು ಸಿಗುತ್ತಿದ್ದುದರ ಹತ್ತಿರಹತ್ತಿರ ಎರಡರಷ್ಟು. ಆದರೆ ಕಾಯಿದೆಯಲ್ಲಿ ಒಂದು ಕಿಂಡಿ ಇತ್ತು, ಕೆಲಸಗಾರರೇ ಒಪ್ಪಿ ಸಹಿ ಹಾಕಿದರೆ ಆರು ತಿಂಗಳು ಹಳೆಯ ಕೂಲಿಯನ್ನೇ ಕೊಡಬಹುದಿತ್ತು. ಮಾಲೀಕರು ಕಾಗದ ಹಿಡಿದು ಬಂದರು. ಓದು ಬಾರದ ಎಷ್ಟೋ ಹೆಂಗಸರು ತಾವು ಏನನ್ನು ಬಿಟ್ಟುಕೊಡುತ್ತಿದ್ದೇವೆಂದು ತಿಳಿಯದೆ ಗುರುತು ಹಾಕಿಕೊಟ್ಟರು. ಆಮೇಲೆ 1910ರಲ್ಲಿ ಕಾರ್ಮಿಕ ನಾಯಕಿ ಮೇರಿ ಮಕಾರ್ಥರ್ ಮುಂದಾಳ್ತನದಲ್ಲಿ ಹತ್ತು ವಾರ ಮುಷ್ಕರ ಹೂಡಿ ಗೆದ್ದರು. ಷರತ್ತುಗಳ ಉದ್ದನೆಯ ಪಟ್ಟಿಯ ತುದಿಯಲ್ಲಿರುವ "ಒಪ್ಪಿಗೆ" ಗುಂಡಿಯನ್ನು ಒತ್ತುವಾಗಲೆಲ್ಲ ನನಗೆ ಆ ಕಾಗದದ ನೆನಪಾಗುತ್ತದೆ. ಓದು ಬಲ್ಲ ನಾನೂ ಅದನ್ನು ಓದದೆ ಒತ್ತಿರುತ್ತೇನೆ, ಅದು ಬೇರೆ ಮಾತು.

ನಿನ್ನ ಪಕ್ಷದಲ್ಲೂ ಹುರುಳಿದೆ, ಅದನ್ನು ಮುಚ್ಚಿಡುವುದಿಲ್ಲ. ನ್ಯೂಯಾರ್ಕ್ ನಗರ 2019ರಲ್ಲಿ ಜಾರಿಗೆ ತಂದ ಚಾಲಕರ ಕನಿಷ್ಠ ಗಳಿಕೆಯ ಸೂತ್ರ ನನಗೆ ಬಹಳ ಇಷ್ಟವಾದದ್ದು. ಚಾಲಕರು ಖಾಲಿ ಕಾಯುವ ಪ್ರಮಾಣ ಹೆಚ್ಚಾದಷ್ಟೂ ಒಂದೊಂದು ಸವಾರಿಗೆ ಕೊಡಬೇಕಾದ ಹಣವೂ ಹೆಚ್ಚಾಗಬೇಕೆಂದು ಅದು ಲೆಕ್ಕ ಹಾಕಿತ್ತು. ಕಾದ ಹೊತ್ತು ಕಡೆಗೂ ಅಂಕಣದೊಳಗೆ ಬಂತು. ಕಂಪನಿಗಳು ಮಾಡಿದ್ದೇನು? ಗಿರಾಕಿಗಳು ಕಡಿಮೆಯಿದ್ದಾಗ ಚಾಲಕರನ್ನು ಆ್ಯಪ್‌ನಿಂದಲೇ ಹೊರಗಿಟ್ಟವು. ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು ಮತ್ತೆ ಬಾಗಿಲು ತೆರೆಯುವುದನ್ನು ಕಾಯುವವರು ಹುಟ್ಟಿಕೊಂಡರು. ಸ್ಪೇನ್ 2021ರಲ್ಲಿ ಡೆಲಿವರಿಯವರನ್ನು ನೌಕರರೆಂದು ಪರಿಗಣಿಸುವ ಕಾಯಿದೆ ತಂದಾಗ ಊಟ ತಲುಪಿಸುವ ಡೆಲಿವರೂ ಕಂಪನಿ ಆ ದೇಶವನ್ನೇ ಬಿಟ್ಟು ಹೋಯಿತು. ಒಂದು ಕಾಯಿದೆ ಮಾಡಿ ಕೈತೊಳೆದುಕೊಂಡರೆ ಸಾಕು ಎನ್ನುವವರ ಜೊತೆ ನಾನೂ ಇಲ್ಲ. ಅಳತೆ ತಪ್ಪಿದ ಕಾಯಿದೆ ಕೆಲಸವನ್ನೇ ನುಂಗಬಹುದು.

ಆದರೆ ಕೂಲಿ ಏರಿಸಿದರೆ ಕೆಲಸ ಹೋಗಿಯೇ ಹೋಗುತ್ತದೆ ಎಂದು ನೀನು ಗಣಿತದ ಸೂತ್ರದಂತೆ ಹೇಳುತ್ತೀಯಲ್ಲ, ಅದನ್ನು ಒಪ್ಪಲಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರಲ್ಲಿ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನು ಪಕ್ಕದ ಪೆನ್ಸಿಲ್ವೇನಿಯಾದವುಗಳ ಜೊತೆ ಹೋಲಿಸಿ ನೋಡಿದರು. ಕೆಲಸ ಕಡಿಮೆಯಾಗಿರಲಿಲ್ಲ. ಅದನ್ನು ಅಲ್ಲಗಳೆದವರೂ ಇದ್ದಾರೆ, ವಾದ ಇಂದಿಗೂ ಮುಗಿದಿಲ್ಲ. ಆದರೂ ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕೇ. ಕೂಲಿ ಕೊಡುವವರು ಕೆಲವರೇ ಇದ್ದು, ಕೇಳುವವರು ಸಾವಿರಾರು ಮಂದಿ ಇರುವ ಕಡೆ ಮಾರುಕಟ್ಟೆಯ ದರವೆಂದರೆ ಕೊಡುವವನ ಮರ್ಜಿ ಎಂದಷ್ಟೇ ಅರ್ಥ.

ಇದು ಬಡಪಾಯಿಗಳ ಪಾಡು, ನನ್ನಂಥ ಎಂಜಿನಿಯರನದಲ್ಲ ಎಂದು ನೀನು ಅಂದುಕೊಂಡಿದ್ದರೆ ಇದನ್ನು ಕೇಳು. ನಿನ್ನ ಉದ್ಯಮದ ದೊಡ್ಡ ಹೆಸರುಗಳಾದ ಆಪಲ್, ಗೂಗಲ್, ಇಂಟೆಲ್, ಅಡೋಬಿ ಮುಂತಾದವು ಪರಸ್ಪರರ ಎಂಜಿನಿಯರುಗಳಿಗೆ ತಾವಾಗಿ ಕರೆ ಮಾಡಿ ಕೆಲಸಕ್ಕೆ ಸೆಳೆಯಬಾರದೆಂದು ಒಳಗೊಳಗೇ ಮಾತಾಡಿಕೊಂಡಿದ್ದವು. ಅಮೆರಿಕದ ನ್ಯಾಯಾಂಗ ಇಲಾಖೆ 2010ರಲ್ಲಿ ಅದಕ್ಕೆ ತಡೆ ಹಾಕಿತು. ಸುಮಾರು 64,000 ಉದ್ಯೋಗಿಗಳ ಪರವಾಗಿ ನಡೆದ ಮೊಕದ್ದಮೆಯಲ್ಲಿ ಆ ನಾಲ್ಕೂ ಕಂಪನಿಗಳು 41.5 ಕೋಟಿ ಡಾಲರ್ ತೆರಲು ಒಪ್ಪಿದವು, 2015ರಲ್ಲಿ ನ್ಯಾಯಾಲಯ ಆ ಒಪ್ಪಂದಕ್ಕೆ ಮುದ್ರೆಯೊತ್ತಿತು. ಒಳ್ಳೆಯ ಸಂಬಳದ, ಓದಿದ, ಚೌಕಾಸಿ ಮಾಡಬಲ್ಲ ಜನರ ಕೂಲಿಯನ್ನೇ ಹೀಗೆ ಹಿಡಿದಿಟ್ಟವರು ಮೆಟ್ಟಿಲ ಮೇಲಿನ ಹುಡುಗನ ವಿಷಯದಲ್ಲಿ ಧರ್ಮರಾಯರಾಗುತ್ತಾರೆಯೇ? ಅದನ್ನು ಹೊರಗೆಳೆದದ್ದು ನೀನು ಬೇಡವೆನ್ನುವ ಆ ಸರ್ಕಾರವೇ.

ನಿಯಂತ್ರಣ ಬೇಡ ಎನ್ನುತ್ತೀಯ. ನಿಯಂತ್ರಣ ಈಗಾಗಲೇ ಇದೆಯಲ್ಲ, ಅದನ್ನು ನೀನೇ ಬರೆಯುತ್ತಿದ್ದೀಯ. ಎಷ್ಟು ನಿರಾಕರಿಸಿದರೆ ಖಾತೆ ಸ್ಥಗಿತ, ಎಷ್ಟು ನಕ್ಷತ್ರ ಸಿಕ್ಕರೆ ಒಳ್ಳೆಯ ಆರ್ಡರ್, ಯಾವ ವಾರ ಪ್ರೋತ್ಸಾಹಧನ ಬದಲು, ಇವೆಲ್ಲ ಕಾಯಿದೆಗಳೇ. ಗೆಜೆಟ್‌ನಲ್ಲಿ ಅಚ್ಚಾಗುವುದಿಲ್ಲ, ಮೇಲ್ಮನವಿಗೆ ಜಾಗವಿಲ್ಲ, ಅಷ್ಟೆ. ಆ್ಯಪ್ ಕೆಲಸಗಾರರ ಬಗ್ಗೆ ಯುರೋಪಿಯನ್ ಒಕ್ಕೂಟ 2024ರಲ್ಲಿ ಒಪ್ಪಿದ ನಿರ್ದೇಶನದಲ್ಲಿ ನನಗೆ ಹಿಡಿಸಿದ್ದು ಇದೇ ಅಂಶ: ಒಬ್ಬನ ಖಾತೆ ಮುಚ್ಚುವಂಥ ತೀರ್ಮಾನವನ್ನು ಯಂತ್ರಕ್ಕೆ ಬಿಡದೆ ಮನುಷ್ಯನೊಬ್ಬ ತೆಗೆದುಕೊಳ್ಳಬೇಕು, ಯಂತ್ರ ಯಾವುದನ್ನು ಅಳೆಯುತ್ತದೆ ಎಂದು ಕೆಲಸಗಾರನಿಗೆ ತಿಳಿಸಬೇಕು. ಅದನ್ನು ತಮ್ಮ ಕಾಯಿದೆಗೆ ಸೇರಿಸಿಕೊಳ್ಳಲು ಸದಸ್ಯ ದೇಶಗಳಿಗೆ 2026ರ ಡಿಸೆಂಬರ್ 2ರವರೆಗೆ ಗಡುವು. ನನ್ನ ಕಾಲದಲ್ಲಿ ಹಾಜರಿ ಪುಸ್ತಕ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಯಾರು ಬೇಕಾದರೂ ತಮ್ಮ ಸಾಲಿನ ಮೇಲೆ ಬೆರಳಿಟ್ಟು, "ಮಂಗಳವಾರ ನಾನು ಬಂದಿದ್ದೆ, ಇಲ್ಲಿ ಗೈರುಹಾಜರಿ ಹಾಕಿದ್ದೀರಿ" ಎಂದು ಜಗಳಕ್ಕೆ ನಿಲ್ಲಬಹುದಿತ್ತು. ಎಷ್ಟೋ ಸಲ ತಪ್ಪು ನಮ್ಮದೇ ಆಗಿರುತ್ತಿತ್ತು. ಹಾಗೆ ಬೆರಳಿಡಲು ಆ ಹುಡುಗನಿಗೆ ಇಂದು ಜಾಗವೆಲ್ಲಿದೆ?

ಕಡೆಗೆ ಒಂದು ಪ್ರಶ್ನೆ, ಇದು ವ್ಯಂಗ್ಯವಲ್ಲ. ಸುತ್ತಮುತ್ತ ಎಷ್ಟು ಮಂದಿ ಖಾಲಿ ಕಾಯುತ್ತಿದ್ದಾರೆ ಎಂದು ತಿಳಿಯದೆ, ಇಷ್ಟು ನಿಮಿಷದಲ್ಲಿ ತಲುಪುತ್ತದೆ ಎಂದು ನಿಮ್ಮ ಆ್ಯಪ್ ಗಿರಾಕಿಗೆ ಹೇಳಲು ಸಾಧ್ಯವೇ ಇಲ್ಲ. ಅಂದರೆ ಆ ನಾಲ್ಕೂವರೆ ಗಂಟೆ ನಿಮ್ಮ ಕಡತದಲ್ಲಿ ಎಲ್ಲೋ ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗಿರಲೇಬೇಕು. ಆ ಅಂಕಣಕ್ಕೆ ನೀವು ಏನೆಂದು ಹೆಸರಿಟ್ಟಿದ್ದೀರಿ? ಗುಟ್ಟಾದರೆ ಬರೆಯಬೇಡ, ಮುಂದಿನ ತಿಂಗಳು ಬಂದಾಗ ಹೇಳು. ಮೊನ್ನೆಯಂತೆ ಫೋನಿಡುವುದಿಲ್ಲ.

ನಿನ್ನ,
ಹಳೆಯ ಗುಮಾಸ್ತ ಗೆಳೆಯ