ಓಡಿ ಬಂದವರಿಗೆ ದಡ ಸಿಗಲಿಲ್ಲ

ಸಂಪಾದಕರೇ,

ಹೇಮಾವತಿ ಅಣೆಕಟ್ಟಿನ ನೀರು ನಮ್ಮೂರನ್ನು ಮುಳುಗಿಸಿದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಪಾತ್ರೆ, ಭತ್ತದ ಮೂಟೆ ಗಾಡಿಗೆ ಹೇರಿ, ಹಸು ಹಿಡಿದುಕೊಂಡು ಹೊರಟೆವು. ಪಕ್ಕದೂರಿನವರೊಬ್ಬರು ತಮ್ಮ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಆ ಮನೆಯ ಅಜ್ಜಿ ಅವ್ವನಿಗೆ ಹೇಳಿದ್ದು ಒಂದೇ ಮಾತು: “ಮೊದಲು ಒಳಗೆ ಬಾ, ಮಕ್ಕಳು ಹಸಿದಿರ್ತವೆ.” ಎಂಟು ತಿಂಗಳು ಅಲ್ಲೇ ಇದ್ದೆವು.

ಮುಂದೆ ನಾನು ಹಾಸನದಲ್ಲಿ ಸಮಾಜ ವಿಜ್ಞಾನದ ಟೀಚರ್ ಆದೆ. ಹಿಟ್ಲರ್ 60 ಲಕ್ಷ ಯಹೂದಿಗಳನ್ನು ಕೊಲ್ಲಿಸಿದ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಮ್ಮೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, “ಮಿಸ್, ಅವರು ಬೇರೆ ದೇಶಕ್ಕೆ ಓಡಿಹೋಗಬಹುದಿತ್ತಲ್ವಾ?” ಆಗಲಿಲ್ಲ ಕಣಮ್ಮ, ಅಂದು ಪಾಠ ಮುಂದುವರಿಸಿದೆ. ಬೆಲ್ ಹೊಡೆಯಲು ಐದೇ ನಿಮಿಷ ಇತ್ತು.

ಸೇಂಟ್ ಲೂಯಿಸ್ ಹಡಗಿನ ಕತೆ ಓದಿದ್ದು ಆಮೇಲೆ. 1939ರ ಮೇ 13ರಂದು ಅದು ಜರ್ಮನಿಯ ಹ್ಯಾಂಬರ್ಗ್‌ನಿಂದ ಹೊರಟಿತು. ಅದರಲ್ಲಿ 937 ಜನ, ಬಹುತೇಕ ಎಲ್ಲರೂ ಯಹೂದಿಗಳು. ದುಡ್ಡು ಕೊಟ್ಟು ಕ್ಯೂಬಾದಲ್ಲಿ ಇಳಿಯುವ ಪರವಾನಗಿ ಪಡೆದಿದ್ದರು. ಹಡಗು ಹೊರಡುವ ಮೊದಲೇ ಅಲ್ಲಿನ ಸರ್ಕಾರ ಅದನ್ನು ರದ್ದು ಮಾಡಿತ್ತು. ಹವಾನಾದಲ್ಲಿ ಸರಿಯಾದ ವೀಸಾ ಇದ್ದ 28 ಜನರನ್ನಷ್ಟೇ ಇಳಿಸಿಕೊಂಡರು. ಮೊದಲೇ ಬಂದು ನೆಲೆಸಿದ್ದ ನೆಂಟರು ಸಣ್ಣ ದೋಣಿಗಳಲ್ಲಿ ಹಡಗಿನ ಹತ್ತಿರ ಬಂದು, ಕೆಳಗಿನಿಂದಲೇ ಕೂಗಿ ಮಾತಾಡಿಸಿದರು. ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಆ ದಿನ ಮುಂದೆ ಓದಲಾಗಲಿಲ್ಲ.

ಆಮೇಲೆ ಹಡಗು ಅಮೆರಿಕದ ಮಯಾಮಿಯ ದೀಪಗಳು ಕಾಣುವಷ್ಟು ಹತ್ತಿರ ಹೋಯಿತು. ಅಧ್ಯಕ್ಷ ರೂಸ್‌ವೆಲ್ಟ್‌ಗೆ ತಂತಿ ಕಳಿಸಿದರೆ ಉತ್ತರವೇ ಇಲ್ಲ. ನಿಮ್ಮ ಸರದಿ ಬರುವವರೆಗೆ ಕಾಯಿರಿ ಎಂದಿತು ಅವರ ವಿದೇಶಾಂಗ ಇಲಾಖೆ. ಕೆನಡಾ ಕೂಡ ಬೇಡ ಎಂದಿತು. ಕ್ಯಾಪ್ಟನ್ ಗುಸ್ಟಾವ್ ಶ್ರೋಡರ್ ಜರ್ಮನಿಯವನೇ. ಆದರೂ ಈ ಜನಕ್ಕೆ ಒಂದು ನೆಲೆ ಸಿಗುವವರೆಗೆ ವಾಪಸ್ ಒಯ್ಯಲು ಒಪ್ಪಲಿಲ್ಲ. ಕೊನೆಗೆ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಅವರನ್ನು ಹಂಚಿಕೊಂಡವು. ಮರುವರ್ಷ ಬ್ರಿಟನ್ ಬಿಟ್ಟು ಉಳಿದ ಮೂರೂ ಕಡೆ ಹಿಟ್ಲರನ ಸೈನ್ಯ ನುಗ್ಗಿತು. ಆ ಪ್ರಯಾಣಿಕರಲ್ಲಿ 254 ಜನ ಸತ್ತರು.

ನಮ್ಮ ಕಷ್ಟವನ್ನು ಅವರದ್ದಕ್ಕೆ ಹೋಲಿಸುತ್ತಿಲ್ಲ. ನಮ್ಮನ್ನು ಕೊಲ್ಲಲು ಯಾರೂ ಬಂದಿರಲಿಲ್ಲ. ಆದರೆ ಮೂಟೆ ಹೊತ್ತು ಬೇರೆಯವರ ಜಗಲಿ ಮುಂದೆ ನಿಲ್ಲುವುದು ಹೇಗಿರುತ್ತದೆ ಅಂತ ನನಗೆ ಗೊತ್ತು.

ಜನವರಿ 27ರಂದು ಹಿಟ್ಲರ್ ಕೊಲ್ಲಿಸಿದ ಯಹೂದಿಗಳನ್ನು ಜಗತ್ತು ನೆನೆಯುತ್ತದೆ. ಅಂದು ನಿಮ್ಮ ಪತ್ರಿಕೆಯಲ್ಲಿ ಈ ಹಡಗಿನ ಬಗ್ಗೆಯೂ ಬರೆಯಿರಿ. ಟೀಚರುಗಳು ಅದನ್ನು ಕ್ಲಾಸಿನಲ್ಲಿ ಓದಿ ಹೇಳಲಿ.

ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳ ಕಣ್ಣಿಗೆ ಈ ಪತ್ರ ಬಿದ್ದರೆ ಇದೇ ಉತ್ತರ: ಓಡಿ ಬಂದಿದ್ದರು ಮಗಾ. ದೀಪ ಕಾಣುವಷ್ಟು ಹತ್ತಿರ ಬಂದಿದ್ದರು.

— ನಿವೃತ್ತ ಶಿಕ್ಷಕಿ, ಹಾಸನ