ಆಸ್ಟ್ರೋಸ್ಯಾಟ್‌ನ ಮುಪ್ಪಿನ ದಿನಗಳೂ ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ರಾಕೆಟ್ ಹಾರಿದ ದಿನ ಪತ್ರಿಕೆಗಳ ಮುಖಪುಟ ತುಂಬುತ್ತದೆ. ಆಮೇಲೆ ಆ ಉಪಗ್ರಹ ಹೇಗಿದೆ ಎಂದು ವಿಚಾರಿಸುವವರು ಕಡಿಮೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೊರಟ, ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೋಸ್ಯಾಟ್ ಐದು ವರ್ಷ ದುಡಿದರೆ ಸಾಕು ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಅದೀಗ ಹತ್ತು ವರ್ಷ ದಾಟಿದೆ. ಹಬಲ್ ದೂರದರ್ಶಕದ ಬಳಿಗೆ ಗಗನಯಾತ್ರಿಗಳು ಐದು ಸಲ ಹೋಗಿ ಬಿಡಿಭಾಗ ಬದಲಿಸಿ ಬಂದರು. 650 ಕಿ.ಮೀ. ಎತ್ತರದಲ್ಲಿ ಸುತ್ತುವ ನಮ್ಮ ಆಸ್ಟ್ರೋಸ್ಯಾಟ್‌ಗೆ ಅಂಥ ಆರೈಕೆಯಿಲ್ಲ. ಕೆಟ್ಟದ್ದು ಕೆಟ್ಟಿತು, ಉಳಿದದ್ದರಲ್ಲೇ ಸಂಸಾರ ತೂಗಿಸಬೇಕು.

ಅದನ್ನು ಹೇಗೆ ತೂಗಿಸುತ್ತಿದ್ದಾರೆ ಎಂಬುದೇ ನನಗೆ ಅಭಿಮಾನದ ಸಂಗತಿ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ಹೊಸಕೋಟೆಯ ಧೂಳಿಲ್ಲದ ಕೋಣೆಯಲ್ಲಿ ಜೋಡಿಸಿದ ಅತಿನೇರಳೆ ದೂರದರ್ಶಕ ‘ಯುವಿಐಟಿ’ಯನ್ನೇ ನೋಡಿ. ಅದರಲ್ಲಿ 375 ಮಿ.ಮೀ. ಕನ್ನಡಿಯ ಎರಡು ಕೊಳವೆಗಳು. ಒಂದು ದೂರದ ಅತಿನೇರಳೆಗೆ. ಇನ್ನೊಂದರ ಬೆಳಕು ಒಡೆದು ಸಮೀಪದ ಅತಿನೇರಳೆಗೂ ಕಣ್ಣಿಗೆ ಕಾಣುವ ಬೆಳಕಿಗೂ ಹಂಚಿಹೋಗುತ್ತದೆ. 2018ರ ಮಾರ್ಚ್‌ನಲ್ಲಿ ಸಮೀಪದ ಅತಿನೇರಳೆ ಡಿಟೆಕ್ಟರ್ ನಿಂತುಹೋಯಿತು. ಅದರ ಪಕ್ಕದಲ್ಲಿದ್ದ ಕಾಣುವ ಬೆಳಕಿನ ಡಿಟೆಕ್ಟರ್ ಉಳಿದದ್ದು ದೊಡ್ಡ ಪುಣ್ಯ. ಉಪಗ್ರಹ ಒಂದೇ ಕಡೆ ದಿಟ್ಟಿಸಿದ್ದರೂ ಮೆಲ್ಲಗೆ ತೂಗಾಡುತ್ತಿರುತ್ತದೆ. ಹಾಗೇ ಬಿಟ್ಟರೆ ನಕ್ಷತ್ರ ಗೀರಿನಂತೆ ಮೂಡುತ್ತದೆ. ಅದಕ್ಕೇ ಸೆಕೆಂಡಿಗೆ ಸುಮಾರು 29 ಚೌಕಟ್ಟು ತೆಗೆದು, ಒಂದೊಂದು ಫೋಟಾನ್ ಬಿದ್ದ ಜಾಗ ಗುರುತಿಸಿ, ಕಾಣುವ ಬೆಳಕಿನ ಚಿತ್ರದಲ್ಲಿ ನಕ್ಷತ್ರಗಳು ಎಷ್ಟು ಸರಿದಿವೆಯೋ ಅಷ್ಟನ್ನು ಹಿಂದಕ್ಕೆ ಸರಿಸಿ ಕೂಡಿಸುತ್ತಾರೆ. ಆಗ ಒಂದೂವರೆ ಆರ್ಕ್‌ಸೆಕೆಂಡಿನಷ್ಟು ಚೂಪಾದ ಚುಕ್ಕೆ ಸಿಗುತ್ತದೆ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). 930 ಕೋಟಿ ವರ್ಷಗಳ ಹಿಂದೆ ಬೆಳಕು ಚೆಲ್ಲಿದ ಎಯುಡಿಎಫ್‌ಎಸ್01 ಗೆಲಾಕ್ಸಿಯ ತೀವ್ರ ಅತಿನೇರಳೆ ಕಿರಣಗಳನ್ನು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯುಕಾದ ಕನಕ್ ಸಾಹಾ ತಂಡ ಹಿಡಿದದ್ದು ಇದೇ ಯುವಿಐಟಿಯಿಂದ. ವೀಕ್ಷಣೆ 28 ಗಂಟೆಗೂ ಮೀರಿ ನಡೆದಿತ್ತು.

ಕ್ಷ-ಕಿರಣ ಅಳೆಯುವ ಉಪಕರಣ ‘ಲ್ಯಾಕ್ಸ್‌ಪಿಸಿ’ಯದು ಬೇರೆ ಬಗೆಯ ಮುಪ್ಪು. ಕ್ಸೆನಾನ್ ಅನಿಲ ತುಂಬಿದ ಮೂರು ಪೆಟ್ಟಿಗೆಗಳಲ್ಲಿ ಒಂದು ಸೋರಿತು. ಅನಿಲ ತೆಳುವಾದಂತೆ ಅದೇ ಶಕ್ತಿಯ ಕಿರಣ ದೊಡ್ಡ ಸಂಕೇತ ಕೊಡತೊಡಗುತ್ತದೆ. ವೋಲ್ಟೇಜ್ ಇಳಿಸಿ ಸರಿದೂಗಿಸಬಹುದು, ಆದರೆ ಅದಕ್ಕೂ ಒಂದು ಮಿತಿಯಿದೆ. 2018ರಲ್ಲಿ ಆ ಪೆಟ್ಟಿಗೆಯನ್ನು ಸ್ಥಗಿತಗೊಳಿಸಬೇಕಾಯಿತು. ಇನ್ನೊಂದರ ಅಳತೆಯೂ ನೆಚ್ಚುವಂತೆ ಉಳಿಯಲಿಲ್ಲ. ನಂತರದ ಭಾರ ಹೊತ್ತದ್ದು ಮೂರನೆಯದು. ಹೆಚ್ಚು ಶಕ್ತಿಯ ಕ್ಷ-ಕಿರಣ ಗ್ರಹಿಸುವ ಇನ್ನೊಂದು ಉಪಕರಣ ‘ಸಿಜೆಡ್‌ಟಿಐ’ಯ 16,384 ಬಿಂದುಗಳಲ್ಲಿ ಸುಳ್ಳು ಸಂಕೇತದ ಗದ್ದಲ ಮಾಡುವವನ್ನು ಮುಚ್ಚುತ್ತಾ ಬಂದಿದ್ದಾರೆ. ಹಾಗಿದ್ದೂ 2022ರ ಹೊತ್ತಿಗೆ ಅದು 500 ಗಾಮಾ ಕಿರಣ ಸ್ಫೋಟಗಳನ್ನು ಎಣಿಸಿತ್ತು.

ಇಸ್ರೊಗೆ ನನ್ನದೊಂದು ಬಿನ್ನಹ. ಕೊನೆಯ ವೀಕ್ಷಣಾ ಸಮಯವನ್ನೆಲ್ಲ ಹೊಸ ಗುರಿಗಳಿಗೇ ಕೊಡಬೇಡಿ. ಯುವಿಐಟಿಯ ಹೊಳಪಿನ ಅಳತೆಗೆ ಆಧಾರವಾದ ಎಚ್‌ಜೆಡ್-4 ಶ್ವೇತಕುಬ್ಜ ನಕ್ಷತ್ರವನ್ನೂ ಎನ್‌ಜಿಸಿ 188 ನಕ್ಷತ್ರ ಗುಚ್ಛವನ್ನೂ, ಉಪಕರಣವನ್ನು ಸ್ಥಗಿತಗೊಳಿಸುವ ಮುನ್ನ ಇನ್ನೊಮ್ಮೆ ನೋಡಿಸಿ. ಕನ್ನಡಿಯ ಮೇಲೆ ಕೂತ ತೆಳು ಪೊರೆಯೂ ಅತಿನೇರಳೆಯನ್ನು ನುಂಗುತ್ತದೆ. ಕೊನೆಯಲ್ಲಿ ಎಷ್ಟು ಮಸುಕಾಗಿತ್ತೆಂದು ತಿಳಿಯದಿದ್ದರೆ ಹಿಂದಿನ ವರ್ಷಗಳ ಅಳತೆಯ ಮೇಲೂ ಅನುಮಾನ ಉಳಿಯುತ್ತದೆ. ಇದರ ಜಾಗ ತುಂಬಬೇಕಾದ, ಪ್ರಸ್ತಾವದಲ್ಲಿರುವ ಬಾಹ್ಯಾಕಾಶ ದೂರದರ್ಶಕ ‘ಇನ್‌ಸಿಸ್ಟ್’ ಇನ್ನೂ ಕಕ್ಷೆ ಸೇರಿಲ್ಲ.

ನಮ್ಮ ಎಂಎಸ್ಸಿ ವಿದ್ಯಾರ್ಥಿಗಳಿಗೂ ಒಂದು ಮಾತು. ಬ್ಯಾಲಾಳುವಿನಲ್ಲಿರುವ ಇಸ್ರೊ ದತ್ತಾಂಶ ಕೇಂದ್ರದ ಭಂಡಾರದಲ್ಲಿ ನೋಂದಾಯಿಸಿಕೊಂಡರೆ, ವೀಕ್ಷಿಸಿದವರಿಗಷ್ಟೇ ಮೀಸಲಾದ ಅವಧಿ ಮುಗಿದ ವೀಕ್ಷಣೆಗಳನ್ನು ಇಳಿಸಿಕೊಳ್ಳಬಹುದು. ಫಿಟ್ಸ್ ಎಂಬ ಖಗೋಳ ಚಿತ್ರಗಳ ಮಾದರಿಯ ಕಡತಗಳನ್ನು ಉಚಿತವಾಗಿ ಸಿಗುವ ಡಿಎಸ್9 ತಂತ್ರಾಂಶದಲ್ಲಿ ತೆರೆದು ನೋಡಿ. ಚಿತ್ರದ ಅಂಚಿನ ಚುಕ್ಕೆಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಉಪಗ್ರಹ ತೂಗಾಡಿದ್ದರಿಂದ ಅಲ್ಲಿ ಬೆಳಕು ಬಿದ್ದ ಹೊತ್ತು ಕಡಿಮೆ. ಯಾವ ಜಾಗಕ್ಕೆ ಎಷ್ಟು ಹೊತ್ತು ಬೆಳಕು ಬಿತ್ತೆಂದು ತೋರಿಸುವ ಎಕ್ಸ್‌ಪೋಷರ್ ನಕ್ಷೆಯಿಂದ ಭಾಗಿಸಿದ ಮೇಲೆಯೇ ಹೊಳಪು ಅಳೆಯಿರಿ.

— ಖಗೋಳಾಸಕ್ತ ಓದುಗ, ಬೆಂಗಳೂರು